ಪುಸ್ತಕದವನು, ಹುಟ್ಟಿನವನು

ಮಂತ್ರ ಹಾಕುವವರಲ್ಲಿ ಮರ್ಯಾದಸ್ಥ ಎನ್ನುವವನು ಒಬ್ಬನೇ, ಓದಿ ಕಲಿತವನು. ಮಿಕ್ಕವರೆಲ್ಲ ಹೇಗೋ ಗಿಟ್ಟಿಸಿಕೊಂಡವರು. ಇದನ್ನು ನಾನು ಮೂರು ವರ್ಷದಿಂದ ಪ್ರತಿ ಭಾನುವಾರ ಮಧ್ಯಾಹ್ನ ರಾಮನಗರದ ಒಂದು ಹಲ್ಲಿನ ಕ್ಲಿನಿಕ್ಕಿನ ಮಹಡಿಯಲ್ಲಿ ಕೂತು ಹೇಳುತ್ತ ಬಂದಿದ್ದೇನೆ. ಒಬ್ಬರೂ ಒಪ್ಪಿಲ್ಲ. ಒಪ್ಪದಿರುವುದಕ್ಕೆ ಅವರ ಹತ್ತಿರ ಕಾರಣವೂ ಇಲ್ಲ, ನಗು ಮಾತ್ರ ಇದೆ. ಪಿಯು ಕಾಲೇಜಿನಲ್ಲಿ ಗಣಿತ ಹೇಳಿಕೊಡುವವನಿಗೆ ಕಾರಣವಿಲ್ಲದೆ ನಗುವವರನ್ನು ಕಂಡರೆ ಆಗುವುದಿಲ್ಲ.

ಆಟ ಎಂದರೆ ಇಸ್ಪೀಟಲ್ಲ, ಚೌಕಾಬಾರವೂ ಅಲ್ಲ. ಒಬ್ಬರು ಕತೆ ನಡೆಸುತ್ತಾರೆ, ಉಳಿದವರು ಅದರೊಳಗೆ ಒಂದೊಂದು ಪಾತ್ರವಾಗುತ್ತಾರೆ. ಗುಹೆಯ ಬಾಗಿಲಲ್ಲಿ ರಾಕ್ಷಸ ನಿಂತಿದ್ದಾನೆ, ಏನು ಮಾಡ್ತೀರಿ ಎಂದು ಕತೆ ನಡೆಸುವವರು ಕೇಳುತ್ತಾರೆ. ನಾವು ಏನು ಮಾಡುತ್ತೇವೆಂದು ಹೇಳಿ ಇಪ್ಪತ್ತು ಮುಖದ ದಾಳ ಉರುಳಿಸುತ್ತೇವೆ. ಹೆಚ್ಚು ಬಿದ್ದರೆ ಆಯಿತು, ಕಡಿಮೆ ಬಿದ್ದರೆ ರಾಕ್ಷಸನ ಏಟು ತಿನ್ನುವುದು. ಕತ್ತಿ ಹಿಡಿಯುವ ಪಾತ್ರಗಳೂ ಇವೆ, ಆದರೆ ನಮ್ಮ ಗುಂಪಿನಲ್ಲಿ ಎಲ್ಲರಿಗೂ ಮಂತ್ರವೇ ಬೇಕು. ಕತ್ತಿ ಯಾರಿಗೂ ಬೇಡ.

ನಡೆಸುವವರು ಆ ಕ್ಲಿನಿಕ್ಕಿನ ಡಾಕ್ಟರಮ್ಮ. ಡೆಂಟಲ್ ಕಾಲೇಜಿನ ಹಾಸ್ಟೆಲಿನಲ್ಲಿ ಆಟ ಕಲಿತು, ಊರಿಗೆ ಬಂದ ಮೇಲೆ ಜೊತೆಗಾರರಿಲ್ಲದೆ ಒದ್ದಾಡಿ, ಕೊನೆಗೆ ಬಾಯಿ ತೆರೆದು ಕೂತ ರೋಗಿಗಳನ್ನೇ ಹಿಡಿದವರು. ನಾನು ದವಡೆಹಲ್ಲಿಗೆ ರೂಟ್ ಕೆನಾಲ್ ಮಾಡಿಸಿಕೊಳ್ಳುತ್ತ ಮಲಗಿದ್ದಾಗ ಕೇಳಿದರು. ಬೇಡ ಎನ್ನಲು ಬಾಯಲ್ಲಿ ಜಾಗವಿರಲಿಲ್ಲ.

ಪುಸ್ತಕದಲ್ಲಿರುವ ವಿಝರ್ಡ್, ಸಾರ್ಸರರ್, ವಾರ್ಲಾಕ್, ಕ್ಲೆರಿಕ್ ಎಂಬ ಹೆಸರುಗಳು ಎರಡು ವಾರದಲ್ಲಿ ಬಾಯಿಂದ ಉದುರಿಹೋಗಿ ನಮ್ಮವೇ ಹೆಸರು ಬಂದವು: ಪುಸ್ತಕದವನು, ಹುಟ್ಟಿನವನು, ಕರಾರಿನವನು, ಪೂಜಾರಿ. ಮಾಗಡಿ ಕಡೆಯ ಸೈಟ್ ಬ್ರೋಕರ್ ಒಬ್ಬರು ಇಟ್ಟ ಹೆಸರುಗಳಿವು. ಅವರು ಮಾಡಿದ ಒಂದೇ ಒಳ್ಳೆಯ ಕೆಲಸ ಅದು.

ಆ ಬ್ರೋಕರ್ ಕರಾರಿನವನನ್ನು ಆರಿಸಿಕೊಂಡಿದ್ದರು. ಆರಿಸಿಕೊಳ್ಳದೆ ಇನ್ನೇನು? ಕರಾರಿನವನು ಓದಿಲ್ಲ, ಅವನಿಗೆ ಹುಟ್ಟಿನಿಂದ ಬಂದದ್ದೂ ಏನಿಲ್ಲ. ಪಾತಾಳದಲ್ಲೋ ಆಕಾಶದಲ್ಲೋ ಇರುವ ಯಾವುದೋ ದೊಡ್ಡ ಶಕ್ತಿಯ ಜೊತೆ ಒಳಗೊಳಗೇ ಮಾತಾಡಿಕೊಂಡು, ಅದರ ಹೆಸರು ಹೇಳಿ ಮಂತ್ರ ಹಾಕುತ್ತಾನೆ. ಅವನ ಕೈಯಲ್ಲಿ ಇರುವುದೇ ಎರಡು ದೊಡ್ಡ ಮಂತ್ರ. ಅವು ಮುಗಿದರೆ ಒಂದು ಗಂಟೆ ಮರದ ಕೆಳಗೆ ಕೂತು ದಣಿವಾರಿಸಿಕೊಂಡರೆ ಮತ್ತೆ ಬಂದುಬಿಡುತ್ತವೆ. ನನ್ನ ಪುಸ್ತಕದವನಿಗಾದರೆ ಖರ್ಚಾದ ಮಂತ್ರ ಬರಲು ರಾತ್ರಿಯಿಡೀ ನಿದ್ದೆ ಬೇಕು, ಬೆಳಿಗ್ಗೆ ಎದ್ದು ಮತ್ತೆ ಓದಬೇಕು. ಮಾಗಡಿಯವರ ಮೊಬೈಲಿನಲ್ಲಿ ಎಲ್ಲ ಪಕ್ಷದ ಮುಖಂಡರ ಜೊತೆಗೂ ನಿಂತ ಫೋಟೋಗಳಿವೆ. "ಸಾಹೇಬ್ರಿಗೆ ಒಂದು ಫೋನ್ ಹಾಕುದ್ರೆ ಆಯ್ತದೆ ಬುಡಿ ಮೇಷ್ಟ್ರೇ" ಎನ್ನುವುದು ಅವರ ಜೀವನದಲ್ಲೂ ಮಂತ್ರ, ಆಟದಲ್ಲೂ ಮಂತ್ರ.

ಪೂಜಾರಿಯ ಪಾತ್ರ ಸಾತನೂರಿನ ಹಾಲಿನ ಡೇರಿ ಕಾರ್ಯದರ್ಶಿಯದು. ಬೆಳಗಿನ ಹಾಲು ಅಳೆದು, ಸರ್ಕಾರಿ ಬಸ್ಸು ಹಿಡಿದು, ಎಲ್ಲರಿಗಿಂತ ಕೊನೆಗೆ ಬರುತ್ತಾರೆ. ಸಾಧು ಮನುಷ್ಯ. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರ ಪಾತ್ರದ ಮೇಲೆ ಇದೆ. ಪೂಜಾರಿ ಬೆಳಿಗ್ಗೆ ಎದ್ದು ದೇವರಿಗೆ ಕೈ ಮುಗಿದರೆ ತನ್ನ ಮಟ್ಟದ ಮಂತ್ರಗಳ ಇಡೀ ಪಟ್ಟಿಯೇ ಅವನೆದುರು ತೆರೆದುಕೊಳ್ಳುತ್ತದೆ. ಬೇಕಾದ್ದನ್ನು ಆರಿಸಿಕೊಂಡರಾಯಿತು. ಕೈ ಮುಗಿದ ಮಾತ್ರಕ್ಕೆ ಸಿಲಬಸ್ಸು ತಲೆಗೆ ಇಳಿಯುವುದಾದರೆ ನಾನು ಇಷ್ಟು ವರ್ಷ ಸೀಮೆಸುಣ್ಣದ ಪುಡಿ ನುಂಗಿದ್ದು ಯಾಕೆ? ಪರೀಕ್ಷೆಯ ದಿನ ಹಣೆತುಂಬ ವಿಭೂತಿ ಬಳಿದುಕೊಂಡು ಬಂದು ಖಾಲಿ ಹಾಳೆ ಕೊಟ್ಟುಹೋಗುವ ಹುಡುಗರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಪುಸ್ತಕದವನು ಹಾಗಲ್ಲ. ಅವನಿಗೆ ಒಂದು ಮಂತ್ರ ಬೇಕಾದರೆ ಅದನ್ನು ಹುಡುಕಬೇಕು, ಅರ್ಥ ಮಾಡಿಕೊಳ್ಳಬೇಕು, ತನ್ನ ಪುಸ್ತಕಕ್ಕೆ ತನ್ನ ಕೈಯಿಂದಲೇ ಇಳಿಸಿಕೊಳ್ಳಬೇಕು. ನಾಳೆ ಯಾವ ಮಂತ್ರ ಬೇಕಾದೀತು ಎಂದು ಇವತ್ತೇ ಯೋಚಿಸಬೇಕು. ಒಂದು ಒಳ್ಳೆಯ ಏಟು ಬಿದ್ದರೆ ಸತ್ತುಹೋಗುತ್ತಾನೆ, ಮೈಯಲ್ಲಿ ಅಷ್ಟೇ ಶಕ್ತಿ. ಆದರೆ ಯಾರ ಹಂಗೂ ಇಲ್ಲ. ಪುಸ್ತಕ ಸುಟ್ಟುಹೋದರೂ ಕಷ್ಟಪಟ್ಟು ಇನ್ನೊಂದು ಬರೆದುಕೊಳ್ಳುತ್ತಾನೆ. ನನ್ನ ಪಾತ್ರದ ಪುಸ್ತಕವನ್ನು ನಾನು ನಿಜವಾಗಿಯೇ ಒಂದು ನೂರು ಹಾಳೆಯ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ, ಮಾರ್ಜಿನ್ನಿಗೆ ಕೆಂಪು ಗೆರೆ ಹಾಕಿ. ಬ್ರೋಕರ್ ಅದನ್ನು ಕಂಡಾಗಲೆಲ್ಲ ರೆಕಾರ್ಡ್ ಬುಕ್ ಎನ್ನುತ್ತಾರೆ.

ಇನ್ನು ಉಳಿದವನು ಹುಟ್ಟಿನವನು, ನಮ್ಮಲ್ಲಿ ಯಾರೂ ಆರಿಸಿಕೊಳ್ಳದೆ ಬಿಟ್ಟಿದ್ದವನು. ಅವನ ರಕ್ತದಲ್ಲೇ ಮಂತ್ರ ಇದೆಯಂತೆ. ಮುತ್ತಜ್ಜ ಯಾವ ಕಾಲದಲ್ಲೋ ಯಾವ ಘಟಸರ್ಪವನ್ನೋ ಕಟ್ಟಿಕೊಂಡಿದ್ದನಂತೆ, ಅದರಿಂದ ಇವನು ಬೆರಳು ಚಾಚಿದರೆ ಬೆಂಕಿ. ಓದಿಲ್ಲ, ಬೇಡಿಲ್ಲ. ಗೊತ್ತಿರುವುದು ನಾಲ್ಕೇ ಮಂತ್ರ, ಆದರೆ ಅವನ್ನು ಬೇಕೆಂದಾಗ ಬೇಕಾದ ಹಾಗೆ ಬಗ್ಗಿಸುತ್ತಾನೆ, ದೂರ ಎಸೆಯುತ್ತಾನೆ, ಎರಡು ಪಾಲು ಮಾಡುತ್ತಾನೆ. ಹೇಗೆ ಮಾಡಿದೆಯಪ್ಪಾ ಎಂದು ಕೇಳಿದರೆ ಅವನಿಗೇ ಗೊತ್ತಿಲ್ಲ. ಉಳಿದ ಇಬ್ಬರ ಬಗ್ಗೆ ನನಗಿದ್ದದ್ದು ತಾತ್ಸಾರ. ಹುಟ್ಟಿನವನನ್ನು ಕಂಡರೆ ಮಾತ್ರ ಮೈ ಉರಿಯುತ್ತಿತ್ತು. ಯಾಕೆಂದರೆ ಅಂಥವನೊಬ್ಬನ ಜೊತೆ ನಾನು ಒಂದೇ ಚಾಪೆಯಲ್ಲಿ ಮಲಗಿ ಬೆಳೆದಿದ್ದೆ.

ಅವನು ನನ್ನ ಅಣ್ಣ. ನಮ್ಮದು ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವ ಮನೆ. ಆಲೆ ಮರದ ತುಂಡನ್ನು ಲೇತಿಗೆ ಕಚ್ಚಿಸಿ, ಅದು ಗಿರ್ರನೆ ತಿರುಗುವಾಗ ಉಳಿ ಕೊಟ್ಟು ರೂಪ ತೆಗೆದು, ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿದರೆ ಅರಗು ಬಿಸಿಗೆ ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಆಮೇಲೆ ಕೇದಗೆ ಗರಿಯಿಂದ ಒತ್ತಿ ಉಜ್ಜಿದರೆ ಹೊಳಪು. ಎಷ್ಟು ಒತ್ತಬೇಕು, ಯಾವಾಗ ತೆಗೆಯಬೇಕು ಎಂದು ಅಣ್ಣನನ್ನು ಕೇಳಿದರೆ ಒಂದೇ ಉತ್ತರ: "ಗೊತ್ತಾಯ್ತದೆ ಕಣ್ಲಾ." ನನಗೆ ಯಾವತ್ತೂ ಗೊತ್ತಾಗಲಿಲ್ಲ. ಹತ್ತು ವರ್ಷದವನಿದ್ದಾಗ ಅಪ್ಪ ನನ್ನನ್ನು ಲೇತಿನ ಮುಂದೆ ಕೂರಿಸಿದರು. ಮೊದಲನೇ ವಾರದಲ್ಲೇ ಉಳಿ ಕೈ ತಪ್ಪಿ ಹಾರಿ ಗೋಡೆಗೆ ನಾಟಿಕೊಂಡಿತು. ಅಪ್ಪ ಗೋಡೆಯಿಂದ ಅದನ್ನು ಕಿತ್ತು, "ನಿಂಗೆ ಕೈ ಇಲ್ಲ ಕಣ್ಲಾ. ಓದ್ಕೊ ಹೋಗು" ಎಂದರು. ಬೈದು ಹೇಳಿದ್ದರೆ ಮರೆತುಬಿಡುತ್ತಿದ್ದೆ. ಮೆಲ್ಲಗೆ ಹೇಳಿದರು, ಅದಕ್ಕೇ ಇವತ್ತಿಗೂ ನೋಯುತ್ತದೆ.

ಹಾಗೆ ನಾನು ಪುಸ್ತಕದವನಾದೆ, ಎರಡು ವರ್ಷ ದೊಡ್ಡವನಾದ ಅಣ್ಣ ಲೇತಿನ ಮುಂದೆ ಕೂತ. ಅಪ್ಪ ಹೋದ ಮೇಲೆ ಲೇತು ಅವನದೇ ಆಯಿತು. ನಮ್ಮ ಬೀದಿಯಲ್ಲಿ ಅವನ ಬುಗುರಿಯಷ್ಟು ಹೊತ್ತು ನಿಂತು ಆಡುವ ಬುಗುರಿ ಇನ್ನೊಬ್ಬರದಿರಲಿಲ್ಲ. ಮದುವೆ ಮುಂಜಿಗಳಲ್ಲಿ ಜನ ಅವನ ಕೈ ಹಿಡಿದು ನೋಡುತ್ತಿದ್ದರು. ನಾನು ಪಕ್ಕದಲ್ಲಿ ನಿಂತು, ಎಂ.ಎಸ್ಸಿ. ಮಾಡಿದ ನನ್ನ ತಲೆಯನ್ನು ಯಾರೂ ಹಿಡಿದು ನೋಡುವುದಿಲ್ಲವಲ್ಲ ಎಂದುಕೊಳ್ಳುತ್ತಿದ್ದೆ.

ಹೋದ ವರ್ಷ ಆ ಕೈಗೆ ಏಟು ಬಿತ್ತು. ಮರದೊಳಗೊಂದು ಗಂಟು ಇತ್ತು. ಉಳಿ ಅದಕ್ಕೆ ತಗುಲಿ ಎಗರಿ ಬಲಗೈ ಹೆಬ್ಬೆರಳ ಬುಡದಲ್ಲಿ ಆಳಕ್ಕೆ ಇಳಿಯಿತು. ಬೆಂಗಳೂರಿನಲ್ಲಿ ಆಪರೇಷನ್ ಮಾಡಿ ನರ ಕೂಡಿಸಿದರು. ಗಾಯ ಮಾಯಿತು, ಹಿಡಿತ ಮಾತ್ರ ಬರಲಿಲ್ಲ. ಅಂಗಿಯ ಗುಂಡಿಯನ್ನು ಅತ್ತಿಗೆ ಹಾಕಬೇಕು. ಬಂದರೂ ಬರಬಹುದು, ಬರದೆಯೂ ಇರಬಹುದು ಎಂದು ಡಾಕ್ಟರು ಹೇಳಿದ್ದನ್ನು ನಾನು ಬರುವುದಿಲ್ಲ ಎಂದೇ ಲೆಕ್ಕ ಹಾಕಿದೆ. ಲೇತು ಬಿಟ್ಟರೆ ಇವನು ಏನು ಮಾಡಿ ಬದುಕುತ್ತಾನೆ? ಓಡಾಡಿ, ಹೆದ್ದಾರಿ ಪಕ್ಕದ ಬೊಂಬೆ ಅಂಗಡಿಯೊಂದರಲ್ಲಿ ಗಿರಾಕಿಗಳಿಗೆ ಸಾಮಾನು ತೋರಿಸುವ ಕೆಲಸ ಗೊತ್ತು ಮಾಡಿದೆ. ಬರುವ ತಿಂಗಳ ಒಂದನೇ ತಾರೀಕಿನಿಂದ ಬರಲಿ ಎಂದು ಅಂಗಡಿಯವರು ಒಪ್ಪಿದರು. ಅಣ್ಣ "ನೋಡಾನ" ಎಂದ, ಅಷ್ಟೇ.

ಅಲ್ಲಿಯವರೆಗೆ ಅವನು ಜಗಲಿಯಲ್ಲಿ ಕೂತು, ಬಟ್ಟೆ ಹೊದಿಸಿದ ಲೇತನ್ನು ನೋಡುತ್ತಿರುವುದು ನನಗೆ ಕಣ್ಣಿಂದ ನೋಡಲಾಗಲಿಲ್ಲ. ಒಂದು ಭಾನುವಾರ ರೈಲು ಹತ್ತಿಸಿಕೊಂಡು ರಾಮನಗರಕ್ಕೆ ಕರೆತಂದು ಆಟಕ್ಕೆ ಕೂರಿಸಿದೆ. ನಾಲ್ಕು ಬಗೆಯ ಮಂತ್ರದವರನ್ನೂ ಒಂದು ಗಂಟೆ ವಿವರಿಸಿದೆ, ಪುಸ್ತಕದವನ ಹೆಚ್ಚುಗಾರಿಕೆಯನ್ನು ಒತ್ತಿ ಹೇಳಿದೆ. ಎಲ್ಲ ಕೇಳಿಸಿಕೊಂಡು ಅವನು ಹುಟ್ಟಿನವನ ಚಿತ್ರದ ಮೇಲೆ ಬೆರಳಿಟ್ಟ.

"ಓದೋದು ಗೀದೋದು ನಮ್‌ ಕೈಲಿ ಆಗಕ್ಕಿಲ್ಲ. ಇವ್ನೇ ಇರ್ಲಿ."

ಬ್ರೋಕರ್ ಚಪ್ಪಾಳೆ ತಟ್ಟಿದರು. ಅವತ್ತು ನಮ್ಮ ದಾರಿಗೆ ಅಡ್ಡ ಒಂದು ಕೋಟೆ ಬಾಗಿಲು ಬಂತು. ನಾನು ನೋಟ್‌ಬುಕ್ ತೆರೆದು ಬೀಗ ತೆಗೆಯುವ ಮಂತ್ರ ಹುಡುಕುತ್ತಿದ್ದೆ. ಬೆಳಿಗ್ಗೆ ಅದನ್ನು ಓದಿಕೊಂಡಿರಲಿಲ್ಲ ಎಂದು ನೆನಪಾಯಿತು. ಅಣ್ಣ, ಬಾಗಿಲು ಯಾವ ಮರದ್ದು ಎಂದು ಡಾಕ್ಟರಮ್ಮನನ್ನು ಕೇಳಿದ. ಇದುವರೆಗೆ ಯಾರೂ ಕೇಳಿರದ ಪ್ರಶ್ನೆ. ಅವರು ತಡವರಿಸಿ ಹಲಸು ಎಂದರು. "ಹಂಗಾರೆ ಕೀಲು ಹತ್ರ ಒಸಿ ಬೆಂಕಿ ತೋರ್ಸಿ, ತಣ್ಣೀರು ಎರ್ಚಿ. ಸೀಳ್ತದೆ" ಎಂದ. ದಾಳ ಹತ್ತೊಂಬತ್ತು ಬಿತ್ತು, ಬಾಗಿಲು ಸೀಳಿತು. ಎಲ್ಲರೂ ಅವನ ಬೆನ್ನು ತಟ್ಟಿದರು. ನನಗೆ ಹೊಟ್ಟೆ ಉರಿಯಿತು. ಕೈ ಕೆಟ್ಟು ಕೂತ ಅಣ್ಣನ ಮೇಲೆ ಹೊಟ್ಟೆಕಿಚ್ಚು ಪಡುವವನು ಎಂಥ ಮನುಷ್ಯ ಎಂದು ನನ್ನ ಮೇಲೂ ಬೇಜಾರಾಯಿತು, ಆದರೆ ಉರಿ ಆರಲಿಲ್ಲ.

ನಮ್ಮಲ್ಲಿದ್ದ ಇಪ್ಪತ್ತು ಮುಖದ ದಾಳ ಒಂದೇ, ಡಾಕ್ಟರಮ್ಮನ ಹಾಸ್ಟೆಲ್ ಕಾಲದ ಪ್ಲಾಸ್ಟಿಕ್ಕಿನದು. ಅಣ್ಣ ಅದನ್ನು ಎಡ ಅಂಗೈಯಲ್ಲಿಟ್ಟು ಹೊರಳಿಸಿ, ಹೊರಳಿಸಿ ನೋಡಿದ. "ಬೊಂಬೆ ಊರ ಪಕ್ಕದಲ್ಲೇ ಇದ್ಕೊಂಡು ಪ್ಲಾಸ್ಟಿಕ್ಕಲ್ಲಿ ಆಡ್ತೀರಲ್ಲ ಡಾಕ್ಟ್ರೇ. ನಾನು ಮರದ್ದು ಮಾಡ್ಕೊಡ್ತೀನಿ" ಎಂದ. ಪಕ್ಕದ ಮನೆಯವರ ಕೈಲಿ ಮಾಡಿಸುತ್ತಾನೆ ಎಂದು ನಾನು ಅಂದುಕೊಂಡೆ.

ಎರಡು ವಾರ ಬಿಟ್ಟು ತಂದ. ಗುಂಡು ಕಡೆದು ಅದಕ್ಕೆ ಮುಖ ಕೆತ್ತಿದ ಕೆಂಪು ಅರಗಿನ ದಾಳ. ಅತ್ತಿಗೆ ಮುಖಮುಖಕ್ಕೂ ಬಿಳಿ ಬಣ್ಣದಲ್ಲಿ ಕನ್ನಡ ಅಂಕಿ ಬರೆದಿದ್ದರು. ಮೇಜಿನ ಮೇಲಿಟ್ಟರೆ ದಾಳಿಂಬೆ ಹಣ್ಣೊಂದನ್ನು ಇಟ್ಟ ಹಾಗಿತ್ತು. ಡೇರಿ ಕಾರ್ಯದರ್ಶಿ ಅದನ್ನು ಕಣ್ಣಿಗೊತ್ತಿಕೊಂಡರು. ಅವರು ಎಲ್ಲವನ್ನೂ ಒತ್ತಿಕೊಳ್ಳುತ್ತಾರೆ.

ಅವತ್ತಿನ ಕತೆಯಲ್ಲಿ ನನ್ನ ಪಾತ್ರ ಹಗ್ಗದ ಸೇತುವೆಯ ಮೇಲೆ ಒಬ್ಬನೇ ಸಿಕ್ಕಿಕೊಂಡಿತ್ತು, ಎದುರಿಗೆ ರಾಕ್ಷಸ. ಮೂರು ವರ್ಷ ಸಾಕಿದ ಪಾತ್ರ. ಹದಿನೈದರ ಮೇಲೆ ಬಿದ್ದರೆ ಬದುಕು. ಹೊಸ ದಾಳವನ್ನು ಉರುಳಿಸಿದೆ. ಅದು ಮೇಜು ದಾಟಿತು. ನೆಲಕ್ಕೆ ಬಿದ್ದು ಉರುಳಿತು. ಮೂಲೆಯಲ್ಲಿದ್ದ ಹಳೇ ಹಲ್ಲಿನ ಕುರ್ಚಿಯ ಕೆಳಗೆ ಹಾದು ಆ ಕಡೆಯಿಂದ ಹೊರಬಿತ್ತು, ಮೆಟ್ಟಿಲು ಹಿಡಿದು ಟಕ್ ಟಕ್ ಎಂದು ಇಳಿಯಿತು. ಐದು ಜನ ದೊಡ್ಡವರು ಅದರ ಹಿಂದೆ ಇಳಿದೆವು. ಕೆಳಗೆ ಚಪ್ಪಲಿ ಬಿಡುವ ಜಾಗದಲ್ಲಿ ಯಾವ ಮುಖವೂ ಮೇಲಾಗದೆ, ಹದಿನೆಂಟಕ್ಕೂ ನಾಲ್ಕಕ್ಕೂ ನಡುವೆ ಓರೆಯಾಗಿ ನಿಂತಿತ್ತು.

ಎತ್ತಿಕೊಂಡು ನೋಡಿದೆ. ಮುಖಗಳೇನೋ ಇದ್ದವು, ಅಂಚೇ ಇರಲಿಲ್ಲ. ಒಂದೊಂದು ಅಂಚನ್ನೂ ಒಂದೊಂದು ಮೂಲೆಯನ್ನೂ ಕೇದಗೆ ಗರಿಯಿಂದ ಉಜ್ಜಿ ನುಣ್ಣಗೆ ಮಾಡಿಬಿಟ್ಟಿದ್ದ. ನಮ್ಮ ಮನೆಯಲ್ಲಿ ಯಾವ ಸಾಮಾನೇ ಆಗಲಿ ಮುಗಿದ ಮೇಲೆ ಕೆನ್ನೆಗೆ ಉಜ್ಜಿ ನೋಡಬೇಕು. ತರಚಿದರೆ ಮತ್ತೆ ಲೇತಿಗೆ. ಮಕ್ಕಳು ಆಡುವ ಸಾಮಾನು ಎಂದು ಅಪ್ಪ ಮಾಡಿದ ಕಟ್ಟುಪಾಡು.

"ಅಣ್ಣ, ಇದು ದಾಳವಲ್ಲ, ಗೋಲಿ. ಮೂಲೆ ಇಲ್ಲದಿದ್ದರೆ ನಿಲ್ಲೋದು ಹೇಗೆ?"

"ಮೂಲೆ ಬುಟ್ರೆ ಚುಚ್ತದೆ. ಮಕ್ಳು ಬಾಯಿಗೆ ಹಾಕ್ಕೊಂತವಲ್ಲೋ?"

"ಇಲ್ಲಿ ಯಾವ ಮಗು ಇದನ್ನ ಬಾಯಿಗೆ ಹಾಕಿಕೊಳ್ಳುತ್ತೆ?"

"ಮಾಗಡಿಯವರನ್ನ ನಂಬೋ ಹಾಗಿಲ್ಲ" ಎಂದರು ಡಾಕ್ಟರಮ್ಮ. ಎಲ್ಲರೂ ಮೆಟ್ಟಿಲ ಮೇಲೇ ಕೂತು ನಕ್ಕರು. ಅಣ್ಣನೂ ನಕ್ಕ. ನಗುತ್ತಲೇ, "ಎಡಗೈ ಇನ್ನೂ ಒಗ್ಗಿಲ್ಲ. ತಡ್ಕಳಿ, ಇನ್ನೊಂದು ಮಾಡ್ತೀನಿ" ಎಂದ.

ಆಗಲೇ ನನಗೆ ತಿಳಿದದ್ದು, ಇವನು ಲೇತಿನ ಬಟ್ಟೆ ತೆಗೆದಿದ್ದಾನೆ. ಎಡಗೈಯಲ್ಲಿ ಉಳಿ ಹಿಡಿಯುತ್ತಿದ್ದಾನೆ. ಒಂದನೇ ತಾರೀಕಿಗೆ ಹತ್ತು ದಿನ ಇತ್ತು. ಇನ್ನೊಂದು ಗಂಟು ಸಿಕ್ಕಿ ಆ ಕೈಯೂ ಹೋದರೆ? ಹೆದರಿಕೆಯೂ ಸಿಟ್ಟೂ ಒಟ್ಟಿಗೇ ಬಂದವು. ನನ್ನ ಬಾಯಿಂದ ಹೊರಗೆ ಬಂದದ್ದು ಸಿಟ್ಟು ಮಾತ್ರ.

"ಎಷ್ಟು ಸಲ ಹೇಳಿದ್ದೀನಿ ಈ ಮೇಜಿನ ಮುಂದೆ? ಪುಸ್ತಕದವನಿಗೆ ಪುಸ್ತಕ ಹೋದರೆ ಇನ್ನೊಂದು ಬರೆದುಕೊಳ್ತಾನೆ. ಹುಟ್ಟಿನವನಿಗೆ ಒಂದು ಸಲ ಹೋದರೆ ಹೋಯ್ತು. ಅವನು ಕಲಿತಿದ್ದರೆ ತಾನೇ ಮತ್ತೆ ಕಲಿಯೋದು? ನಿನ್ನ ಬಲಗೈಲಿ ಇದ್ದದ್ದು ಎಡಗೈಗೆ ಬರಲ್ಲ ಅಣ್ಣ. ಸುಮ್ಮನೆ ಅಂಗಡಿಗೆ ಹೋಗು."

ಹೇಳುವಾಗ ತುಂಬ ಸರಿಯಾದ ಮಾತು ಅನ್ನಿಸಿತು. ಬೋರ್ಡಿನ ಮೇಲೆ ಒಂದು ಪ್ರಮೇಯದ ಸಾಧನೆ ಮುಗಿಸಿದ ಹಾಗೆ ಅನ್ನಿಸಿತು. ಯಾರೂ ನಗಲಿಲ್ಲ. ಡೇರಿ ಕಾರ್ಯದರ್ಶಿ ಬಸ್ಸಿನ ಹೊತ್ತಾಯಿತು ಎಂದು ಚಪ್ಪಲಿ ಹುಡುಕಿದರು. ಅಣ್ಣ ನನ್ನ ಕೈಯಿಂದ ದಾಳ ತೆಗೆದುಕೊಂಡು ಜೇಬಿಗೆ ಹಾಕಿಕೊಂಡು, ಒಬ್ಬನೇ ಸ್ಟೇಷನ್ ಕಡೆ ನಡೆದ.

ಮುಂದಿನ ಭಾನುವಾರ ಅವನು ಬರಲಿಲ್ಲ. ಫೋನಿಗೂ ಸಿಗಲಿಲ್ಲ. ಎರಡನೇ ತಾರೀಕು ಅಂಗಡಿಯವರು ನನಗೆ ಫೋನ್ ಮಾಡಿ, ನಿಮ್ಮಣ್ಣ ಖುದ್ದಾಗಿ ಬಂದು ಕೈ ಮುಗಿದು ಬೇಡ ಎಂದು ಹೇಳಿ ಹೋದರು ಎಂದರು. ಆ ವಾರದ ಭಾನುವಾರ ಬೆಳಿಗ್ಗೆ ಮೊದಲನೇ ರೈಲಿಗೆ ಚನ್ನಪಟ್ಟಣಕ್ಕೆ ಹೋದೆ. ದಾರಿಯುದ್ದಕ್ಕೂ ಬೈಗುಳಗಳನ್ನು ಒಂದರ ಹಿಂದೆ ಒಂದು ಜೋಡಿಸಿಕೊಂಡೆ.

ಅತ್ತಿಗೆ ತವರಿಗೆ ಹೋಗಿದ್ದರು. ಬಾಗಿಲು ತೆರೆದಿತ್ತು, ಒಳಗೆ ಲೇತಿನ ಸದ್ದು. ಅಣ್ಣ ಉಳಿಯನ್ನು ಎಡಗೈಯಲ್ಲಿ ಹಿಡಿದು, ಹಿಡಿತವಿಲ್ಲದ ಬಲಗೈಯನ್ನು ಅದರ ಮೇಲೆ ಬರೀ ಭಾರಕ್ಕೆ ಇಟ್ಟು, ತುಟಿ ಕಚ್ಚಿಕೊಂಡು ಕೂತಿದ್ದ. ಅವನು ತುಟಿ ಕಚ್ಚಿ ಕೆಲಸ ಮಾಡಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಮರದ ಗುಂಡು ಚಂಗನೆ ಕಿತ್ತು ಬಂದು ನನ್ನ ಕಾಲ ಹತ್ತಿರ ಬಿತ್ತು. ಅವನು ಲೇತು ನಿಲ್ಲಿಸಿದ.

"ಬಂದ್ಯಾ? ಅದ ಎತ್ತಿ ಆ ಚೀಲುಕ್ಕೆ ಹಾಕು."

ಮೂಲೆಯಲ್ಲಿ ಗೋಣಿಚೀಲ, ಮೇಲೊಂದು ಹಳೇ ಪಂಚೆ ಮುಚ್ಚಿತ್ತು. ಬಿಚ್ಚಿದೆ. ಕೆಟ್ಟುಹೋದ ಗುಂಡುಗಳು, ದಾಳಗಳು, ಮುಕ್ಕಾಲು ಚೀಲ.

"ಇಷ್ಟು ಕೆಡಿಸಿದ ಮೇಲೂ ನಿನಗೆ ಅರ್ಥ ಆಗಲಿಲ್ವಾ? ಅದು ನಿನಗೆ ಹುಟ್ಟಿನಿಂದ ಬಂದಿತ್ತು ಅಣ್ಣ. ಹೋಯ್ತು."

"ಹುಟ್ತಾನೆ ಬಂತು ಅಂತ ಯಾವನ್ಲಾ ಹೇಳಿದ್ದು ನಿಂಗೆ?"

"ನೋಡಿಲ್ವಾ ನಾನು?"

"ನೀನು ಎಲ್ಲಿ ನೋಡ್ದೆ? ಒಳಗೆ ಪುಸ್ತಕ ಇಟ್ಕೊಂಡು ಕೂತಿದ್ದೆ. ಬೆಳಿಗ್ಗೆ ಇಸ್ಕೂಲಿಗೆ ಹೋಗೋಕೆ ಮುಂಚೆ ಬಿಸಿನೀರು ಹುಯ್ಕೊಂತಿದ್ಯಲ್ಲ, ಅದುಕ್ಕೆ ಒಲೆಗೆ ಏನು ಹಾಕ್ತಿದ್ರು ಅನ್ಕೊಂಡಿದ್ದೆ?"

"ಮರದ ಹೊಟ್ಟು."

"ಬರೀ ಹೊಟ್ಟಿಗೆ ಹಂಡೆ ನೀರು ಕಾಯ್ತದಾ? ನಾನು ಕೆಡಿಸಿದ ಬುಗುರಿ ಕಣ್ಲಾ ಅವು. ಮೂರು ವರ್ಷ ದಿನಾ ಕೆಡಿಸ್ದೆ. ದಿನಾ ಅಪ್ಪ ಒಲೆಗೆ ಹಾಕೋದು. ಕೆಟ್ಟ ಸಾಮಾನು ಬೀದಿಗೆ ಹೋಗ್ಬಾರ್ದು, ಕೆಡಿಸಿದೋನೇ ಅದ್ನ ಉರಿಗೆ ಹಾಕ್ಬಾರ್ದು, ನಾಳಿಕ್ಕೆ ಉಳಿ ಹಿಡಿಯೋಕೆ ಕೈ ಅಂಜ್ತದೆ ಅನ್ನೋದು."

ಆ ಬಚ್ಚಲಿನ ವಾಸನೆ ನೆನಪಾಯಿತು. ಹೊಟ್ಟು ಉರಿದರೆ ಹಾಗೆ ವಾಸನೆ ಬರುವುದಿಲ್ಲ, ಅದು ಅರಗು ಉರಿಯುವ ವಾಸನೆ. ಬಣ್ಣ ಹತ್ತಿದ ಸಾಮಾನು ಉರಿಯುವ ವಾಸನೆ. ಮೂರು ವರ್ಷ ಆ ನೀರು ಹುಯ್ದುಕೊಂಡು, ತಲೆ ಬಾಚಿಕೊಂಡು, ನನಗೆ ಕೈ ಕೊಡದ ದೇವರು ಇವನಿಗೆ ಪುಕ್ಕಟೆ ಕೊಟ್ಟ ಎಂದು ಕರುಬುತ್ತ ಶಾಲೆಗೆ ಹೋಗಿದ್ದೆ. ಗೋಡೆಗೆ ಹಾರಿದ ನನ್ನ ಒಂದೇ ಒಂದು ಉಳಿಯನ್ನು ಇಡೀ ಜನ್ಮಕ್ಕಾಗುವಷ್ಟು ದೊಡ್ಡದು ಮಾಡಿಕೊಂಡವನು ನಾನು. ಒಂದು ವಾರಕ್ಕೆ ಎದ್ದು ಹೋದವನು ನಾನು. ಇಂಥವನು ಓದಿ ಕಲಿತವನ ಮರ್ಯಾದೆಯ ಬಗ್ಗೆ ಮೂರು ವರ್ಷ ಭಾಷಣ ಮಾಡಿದ್ದೆ. ನಾಚಿಕೆಯಾಯಿತು.

"ಮತ್ತೆ ಈ ಚೀಲ ಯಾಕೆ ಹಾಗೇ ಇದೆ?" ಎಂದೆ.

"ಹಾಕೋರು ಯಾರವ್ರೆ? ಅಪ್ಪ ಇಲ್ಲ. ಇಷ್ಟು ಕೆಟ್ಟವೆ ಅಂತ ನಿಮ್ಮತ್ತಿಗೆಗೆ ಗೊತ್ತಾದ್ರೆ ನೀನ್‌ ಹೇಳಿದ್ದೇ ಸರಿ ಅಂದ್ಬುಡ್ತಾಳೆ."

ಹಿತ್ತಲ ಬಚ್ಚಲಲ್ಲಿ ಹಂಡೆಯ ಒಲೆ ಹಾಗೇ ಇತ್ತು. ಗೀಸರ್ ಬಂದ ಮೇಲೆ ಅದರ ಬಾಯಿಗೆ ಪ್ಲಾಸ್ಟಿಕ್ ಬಕೆಟ್ಟುಗಳನ್ನು ಅಡ್ಡ ಇಟ್ಟಿದ್ದರು. ತೆಗೆದೆ. ಹಂಡೆಗೆ ನೀರು ತುಂಬಿ, ಚೀಲವನ್ನು ಎಳೆದು ತಂದು ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತೆ. ಒಂದೇ ಸಲಕ್ಕೆ ಹತ್ತಿಪ್ಪತ್ತು ತುರುಕಿ ಕಡ್ಡಿ ಗೀರಿದೆ. ಬರೀ ಹೊಗೆ ಬಂತು. ಕಣ್ಣು ಮೂಗೆಲ್ಲ ನೀರು. ಅಣ್ಣ ಬಾಗಿಲಲ್ಲಿ ನಿಂತು ನೋಡಿದ.

"ಥೂ, ಉರಿ ಹಾಕೋಕೂ ಬರಕ್ಕಿಲ್ಲ ಇವ್ನಿಗೆ. ಎಲ್ಲಾ ಈಚೆಗೆ ತೆಗಿ. ಮೊದ್ಲು ಒಸಿ ಹೊಟ್ಟು ಹಾಕು. ಆಮೇಲೆ ಒಂದೊಂದೇ."

ತೆಗೆದೆ. ಹೊಟ್ಟು ಹಾಕಿದೆ. ಮತ್ತೆ ಗೀರಿದೆ, ಆರಿತು. ಮೂರನೇ ಸಲಕ್ಕೆ ಹತ್ತಿಕೊಂಡಿತು. ಒಂದೊಂದೇ ಹಾಕತೊಡಗಿದೆ. ಚೀಲದ ಮೇಲಿನವು ಇತ್ತೀಚಿನವು, ಹೆಚ್ಚುಕಡಿಮೆ ನೆಟ್ಟಗಿದ್ದವು. ಕೈ ಕೆಳಕ್ಕೆ ಹೋದಂತೆ ಮುಖ ಓರೆಯಾದವು, ಮೊಟ್ಟೆಯಂತಾದವು, ಅರ್ಧಕ್ಕೆ ಸೀಳಿದವು ಸಿಕ್ಕವು. ಬುಡದಲ್ಲಿದ್ದವು ಏನೆಂದೇ ಹೇಳಲಾಗದಂಥ ತುಂಡುಗಳು. ಒಂದು ತಿಂಗಳಲ್ಲಿ ಆ ಎಡಗೈ ಎಲ್ಲಿಂದ ಎಲ್ಲಿಗೆ ಬಂದಿತ್ತು ಎಂಬುದು ನನ್ನ ಮುಂದೆಯೇ ಇತ್ತು. ಕಣ್ಣೀರು ಹೊಗೆಯದ್ದು ಎಂದು ಹೇಳಲು ಹೋಗುವುದಿಲ್ಲ.

ಹಸಿರು ಅರಗಿನ ದಾಳವೊಂದನ್ನು ಒಲೆಗೆ ಹಾಕದೆ ತೆಗೆದಿಟ್ಟಿದ್ದೆ. ಚೀಲದ ತೀರ ಮೇಲಿದ್ದದ್ದು. ಅದನ್ನು ಕೆನ್ನೆಗೆ ಉಜ್ಜಿ ನೋಡಿದೆ. ತರಚಿತು. ಮೂಲೆಗಳಿದ್ದವು, ಇಪ್ಪತ್ತು ಮುಖಕ್ಕೂ ಚೂಪಾದ ಅಂಚಿತ್ತು. ಬಚ್ಚಲ ಕಲ್ಲಿನ ಮೇಲೆ ಉರುಳಿಸಿದೆ, ಎರಡು ಮಗುಚಿಗೆ ನಿಂತಿತು.

"ಅಣ್ಣ, ಇದು ಸರಿಯಾಗಿದೆಯಲ್ಲ. ಇದನ್ನ ಯಾಕೆ ಹಾಕಿದ್ದೀಯ ಚೀಲಕ್ಕೆ?"

ಅವನು ಬಗ್ಗಿ, ಎಡಗೈಯ ಹೆಬ್ಬೆರಳನ್ನು ಅದರ ಒಂದು ಮುಖದ ಮೇಲೆ ಒಂದು ಸಲ ಆಡಿಸಿದ.

"ಈ ಮುಖ ಒಂದು ಕೂದ್ಲು ಓರೆ ಐತೆ. ಹಾಕು."

ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ತಿರುಗಿಸಿ ತಿರುಗಿಸಿ ನೋಡಿದೆ. ನನಗೇನೂ ಕಾಣಲಿಲ್ಲ. ಒಲೆಗೆ ಹಾಕಿದೆ.